ಸಂದೇಶ ಸರದಿಯ ಪಾಠ: ಹೋಲಿಕೆ ನಿಲ್ಲುವಲ್ಲಿ ಕಲಿಕೆ ಶುರು

ದ್ವಿತೀಯ ಪಿಯುಸಿ ಗಣಕ ವಿಜ್ಞಾನದಲ್ಲಿ ‘ಕ್ಯೂ’ ಒಂದು ದತ್ತಾಂಶ ರಚನೆಯಾಗಿ ಬರುತ್ತದೆ. ಪಡಿತರ ಅಂಗಡಿಯ ಸಾಲನ್ನು ಉದಾಹರಿಸಿ ‘ಮೊದಲು ಬಂದವರಿಗೆ ಮೊದಲು’ ಎಂದು ಹೇಳಿಕೊಟ್ಟರೆ ಮಕ್ಕಳು ಬೇಗ ಹಿಡಿದುಕೊಳ್ಳುತ್ತಾರೆ. ಅದೇ ಮಕ್ಕಳು ಪದವಿಗೆ ಹೋಗಿ ಆಪರೇಟಿಂಗ್ ಸಿಸ್ಟಂ ಪ್ರಯೋಗದಲ್ಲಿ ‘ಮೆಸೇಜ್ ಕ್ಯೂ’ ಎದುರಿಸಿದಾಗ, ಹೆಸರು ಪರಿಚಿತವಾದರೂ ನಡವಳಿಕೆ ಅಪರಿಚಿತವೆನಿಸುತ್ತದೆ. ಇಲ್ಲಿ ಮೊದಲು ಬಂದದ್ದೇ ಮೊದಲು ಹೋಗಬೇಕೆಂದಿಲ್ಲ. ಕಳಿಸಿದವನು ಹೋದ ಮೇಲೂ ಕಳಿಸಿದ್ದು ಉಳಿಯುತ್ತದೆ. ಕೆಲವೊಮ್ಮೆ ಯಾವ ದೋಷಸೂಚನೆಯೂ ಇಲ್ಲದೆ ಪ್ರೋಗ್ರಾಂ ಸುಮ್ಮನೆ ನಿಂತುಬಿಡುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳ ಮುಂದೆ ನಡೆಸುವ ಅನುಕರಣ ಪಾಠಕ್ಕೆ ನಾನು ಆರಿಸಿಕೊಂಡದ್ದು ಈ ಬೋಧನಾಂಶವನ್ನು: ಸಿ ಭಾಷೆಯಲ್ಲಿ ಎರಡು ಪ್ರೊಸೆಸ್‌ಗಳ ನಡುವೆ ಸಂದೇಶ ಸರದಿಯ ಮೂಲಕ ಸಂವಹನ. ಕೇಳುಗರೆಲ್ಲ ಬಿ.ಎಸ್ಸಿ.ಯಲ್ಲಿ ಸಿ ಓದಿದವರು. ಪಾಠಯೋಜನೆ ತಯಾರಿಸುವಾಗ ನನಗೆ ಸ್ಪಷ್ಟವಾದ ವಿಷಯವೊಂದಿದೆ. ಹೋಲಿಕೆ ವಿದ್ಯಾರ್ಥಿಯನ್ನು ವಿಷಯದ ಬಾಗಿಲವರೆಗೆ ಕರೆತರುತ್ತದೆ, ಅಷ್ಟೇ. ಆ ಹೋಲಿಕೆ ಎಲ್ಲೆಲ್ಲಿ ಹೊಂದುವುದಿಲ್ಲವೋ ಅಲ್ಲಲ್ಲೇ ನಿಜವಾದ ಬೋಧನಾಂಶವಿದೆ. ಆದ್ದರಿಂದ ಹೋಲಿಕೆ ಮುರಿಯುವ ಜಾಗಗಳನ್ನು ಮೊದಲೇ ಗುರುತಿಸಿಕೊಂಡು, ಪಾಠವನ್ನು ಅವುಗಳ ಸುತ್ತ ಕಟ್ಟುವುದು ಒಳ್ಳೆಯದು. ಹಾಗೆ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಒಂದು ಸೂಚನೆ: ಸಿ ಭಾಷೆಯ ಫಂಕ್ಷನ್ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ಓದುವ ಅನುಕೂಲಕ್ಕಾಗಿ ಇಲ್ಲಿ ಅವುಗಳನ್ನು ಬಾಯಲ್ಲಿ ಹೇಳುವ ರೀತಿಯಲ್ಲಿ ಬರೆದಿದ್ದೇನೆ.

1. ಪೂರ್ವಜ್ಞಾನ ಪರೀಕ್ಷೆ: ಸಂದೇಶವಾದರೂ ಏಕೆ ಬೇಕು?

ಸಿ ಕಲಿತವರಿಗೆ ಎರಡು ಫಂಕ್ಷನ್‌ಗಳು ಮಾಹಿತಿ ಹಂಚಿಕೊಳ್ಳುವ ಸುಲಭ ದಾರಿ ಗೊತ್ತು: ಗ್ಲೋಬಲ್ ಚರಾಂಶ. ಹಾಗಾಗಿ ‘ಎರಡು ಪ್ರೊಸೆಸ್‌ಗಳೂ ಒಂದು ಗ್ಲೋಬಲ್ ಚರಾಂಶ ಬಳಸಿದರೆ ಸಾಲದೇ?’ ಎಂಬ ಪ್ರಶ್ನೆ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸಂದೇಶ ಸರದಿ ಅನಗತ್ಯ ತಲೆನೋವಾಗಿಯೇ ಕಾಣುತ್ತದೆ.

ಉತ್ತರ ಹೇಳುವ ಬದಲು ತೋರಿಸಬಹುದು. ಗ್ಲೋಬಲ್ ಚರಾಂಶ ‘ಅಂಕ’ದ ಬೆಲೆ 10 ಎಂದು ಇಡಿ. ಫೋರ್ಕ್ ಕರೆದು ಒಂದು ಮರಿ ಪ್ರೊಸೆಸ್ ಹುಟ್ಟಿಸಿ. ಮರಿ ಅಂಕವನ್ನು 50 ಮಾಡಿ, ಬೆಲೆಯನ್ನೂ ಚರಾಂಶದ ವಿಳಾಸವನ್ನೂ ಮುದ್ರಿಸಿ ಮುಗಿಯಲಿ. ತಾಯಿ ಪ್ರೊಸೆಸ್ ವೇಟ್ ಕರೆದು, ಮರಿ ಮುಗಿಯುವವರೆಗೆ ಕಾದು, ಅವೆರಡನ್ನೇ ಮುದ್ರಿಸಲಿ. ಓಡಿಸುವ ಮೊದಲು ತರಗತಿಯಿಂದ ಊಹೆ ಕೇಳಿ ಹಲಗೆಯ ಮೇಲೆ ಬರೆಯಿರಿ.

ಮರಿ 50 ಎನ್ನುತ್ತದೆ, ತಾಯಿ 10 ಎನ್ನುತ್ತದೆ. ಎರಡೂ ತೋರಿಸುವ ವಿಳಾಸ ಮಾತ್ರ ಒಂದೇ! ತರಗತಿ ಎದ್ದು ಕೂರುವುದು ಈ ಕ್ಷಣದಲ್ಲಿ. ಒಂದೇ ವಿಳಾಸದಲ್ಲಿ ಎರಡು ಬೆಲೆ ಹೇಗೆ? ಪ್ರತಿ ಪ್ರೊಸೆಸ್‌ಗೂ ಅದರದೇ ಆದ ವಿಳಾಸ ವ್ಯವಸ್ಥೆಯನ್ನು ಆಪರೇಟಿಂಗ್ ಸಿಸ್ಟಂ ಕಟ್ಟಿಕೊಟ್ಟಿರುತ್ತದೆ. ಎರಡು ಊರುಗಳಲ್ಲೂ ‘ಮನೆ ನಂಬರ್ 12’ ಇರುವಂತೆ. ನಂಬರ್ ಒಂದೇ, ಮನೆ ಬೇರೆ. ಒಬ್ಬರ ಮನೆಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಆದ್ದರಿಂದ ಮಾಹಿತಿ ದಾಟಿಸಲು ನಡುವೆ ಒಬ್ಬರು ಬೇಕು. ಆ ನಡುವಿನವನು ಕರ್ನಲ್.

ಈ ಹಂತಕ್ಕೆ ಹತ್ತು ನಿಮಿಷ ಬೇಕು. ಇದನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲ ಬಾಯಿಪಾಠವಾಗುತ್ತದೆ.

2. ಹೋಲಿಕೆ: ಅಡುಗೆಮನೆಯ ಕಿಟಕಿಯಲ್ಲಿ ಆರ್ಡರ್ ಚೀಟಿ

ಊರಿನ ಹೋಟೆಲನ್ನು ನೆನಪಿಸಿಕೊಳ್ಳಿ. ಸಪ್ಲೈಯರ್ ಆರ್ಡರ್ ಚೀಟಿ ಬರೆದು ಅಡುಗೆಮನೆಯ ಕಿಟಕಿಯಲ್ಲಿರುವ ಟ್ರೇಗೆ ಹಾಕುತ್ತಾರೆ, ಇನ್ನೊಂದು ಟೇಬಲ್ಲಿಗೆ ಹೋಗುತ್ತಾರೆ. ಭಟ್ಟರು ಕೈ ಬಿಡುವಾದಾಗ ಚೀಟಿ ತೆಗೆದುಕೊಳ್ಳುತ್ತಾರೆ. ಇಬ್ಬರೂ ಒಂದೇ ಹೊತ್ತಿಗೆ ಕಿಟಕಿಯ ಬಳಿ ನಿಲ್ಲಬೇಕಿಲ್ಲ. ಒಂದು ಚೀಟಿ ಒಬ್ಬರ ಕೈಗೆ ಮಾತ್ರ ಸಿಗುತ್ತದೆ. ತೆಗೆದ ಮೇಲೆ ಅದು ಟ್ರೇಯಲ್ಲಿ ಇರುವುದಿಲ್ಲ.

ಸಪ್ಲೈಯರ್ ಎಂದರೆ ಕಳಿಸುವ ಪ್ರೊಸೆಸ್, ಭಟ್ಟರು ಪಡೆಯುವ ಪ್ರೊಸೆಸ್, ಟ್ರೇ ಎಂದರೆ ಸರದಿ. ಹೋಟೆಲಿನ ಮಾಲೀಕರ ಸ್ಥಾನದಲ್ಲಿ ಕರ್ನಲ್. ಅಂಚೆ ಡಬ್ಬಿಗಿಂತ ಈ ಹೋಲಿಕೆಯನ್ನು ನಾನು ಮೆಚ್ಚಲು ಕಾರಣವಿದೆ: ಚೀಟಿಗಳಲ್ಲಿ ಬಗೆಗಳಿವೆ. ಕಾಫಿಯ ಚೀಟಿ ಕಾಫಿ ಮಾಡುವವರಿಗೆ, ದೋಸೆಯ ಚೀಟಿ ಕಾವಲಿಯ ಮುಂದೆ ನಿಂತವರಿಗೆ. ಇದು ಮುಂದೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಇತರ ವಿಧಾನಗಳಿಂದ ಬೇರ್ಪಡಿಸಲೂ ಇದು ಅನುಕೂಲ. ಪೈಪ್ ಎಂಬುದು ನೀರಿನ ಕೊಳವೆಯಂತೆ. 10 ಬೈಟ್ ಒಮ್ಮೆ, 20 ಬೈಟ್ ಇನ್ನೊಮ್ಮೆ ಸುರಿದರೆ ಆ ಕಡೆ ಒಟ್ಟಿಗೆ 30 ಬೈಟ್ ಆಗಿ ಬರಬಹುದು, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂಬ ಗುರುತಿರುವುದಿಲ್ಲ. ಚೀಟಿ ಹಾಗಲ್ಲ, ಒಂದು ಚೀಟಿ ಒಂದು ಚೀಟಿಯಾಗಿಯೇ ತಲುಪುತ್ತದೆ. ಹಂಚಿಕೆಯ ಸ್ಮೃತಿ ಎಂಬುದು ಸೂಚನಾ ಫಲಕದಂತೆ. ಎಲ್ಲರೂ ಓದಬಹುದು, ಓದಿದರೆ ಅಳಿಸಿಹೋಗುವುದಿಲ್ಲ, ಆದರೆ ಇಬ್ಬರು ಒಟ್ಟಿಗೆ ಬರೆಯಲು ಹೋದರೆ ಗೊಂದಲ.

3. ನಾಲ್ಕು ಕರೆಗಳು

1983ರಲ್ಲಿ ಬಂದ ಯೂನಿಕ್ಸ್ ಸಿಸ್ಟಂ ಫೈವ್‌ನ ಹೆಸರನ್ನೇ ಹೊತ್ತ ಸಂದೇಶ ಸರದಿಗಳು ಇಂದಿನ ಲಿನಕ್ಸ್‌ನಲ್ಲೂ ಇವೆ. ಅವುಗಳಿಗೆ ಮುಖ್ಯವಾಗಿ ನಾಲ್ಕು ಕರೆಗಳು ಸಾಕು.

ಎಂಎಸ್‌ಜಿ ಗೆಟ್: ಟ್ರೇಯನ್ನು ಹುಡುಕಿಕೊಡುತ್ತದೆ. ‘ಇಲ್ಲದಿದ್ದರೆ ಹೊಸದು ಮಾಡು’ ಎಂಬ ಸೂಚನೆ ಸೇರಿಸಿದರೆ ಹೊಸದನ್ನೇ ಮಾಡಿಕೊಡುತ್ತದೆ. ಇದಕ್ಕೆ ಒಂದು ಕೀಲಿ ಸಂಖ್ಯೆ ಕೊಡಬೇಕು. ಎರಡೂ ಪ್ರೊಸೆಸ್‌ಗಳು ಒಂದೇ ಕೀಲಿ ಕೊಟ್ಟರೆ ಒಂದೇ ಸರದಿ ಸಿಗುತ್ತದೆ. ಕೀಲಿ ತಯಾರಿಸಲು ಎಫ್-ಟು-ಕೆ ಎಂಬಂತೆ ಓದಬಹುದಾದ ‘ಎಫ್‌ಟಾಕ್’ ಫಂಕ್ಷನ್ ಇದೆ, ಆದರೆ ಮೊದಲ ಪಾಠಕ್ಕೆ ನೇರ ಸಂಖ್ಯೆಯೇ ಸುಲಭ. ಲ್ಯಾಬಿನಲ್ಲಿ ಎಲ್ಲರೂ ಒಂದೇ ಸರ್ವರಿಗೆ ಲಾಗಿನ್ ಆಗಿದ್ದರೆ ಪ್ರತಿಯೊಬ್ಬರೂ ತಮ್ಮ ರೋಲ್ ನಂಬರನ್ನೇ ಕೀಲಿಯಾಗಿ ಬಳಸಲಿ. ಇಲ್ಲದಿದ್ದರೆ ಒಬ್ಬರ ಚೀಟಿ ಇನ್ನೊಬ್ಬರ ಅಡುಗೆಮನೆಗೆ ಹೋಗುತ್ತದೆ.

ಎಂಎಸ್‌ಜಿ ಸೆಂಡ್: ಚೀಟಿಯನ್ನು ಟ್ರೇಗೆ ಹಾಕುತ್ತದೆ.

ಎಂಎಸ್‌ಜಿ ರಿಸೀವ್: ಚೀಟಿಯನ್ನು ತೆಗೆಯುತ್ತದೆ.

ಎಂಎಸ್‌ಜಿ ಕಂಟ್ರೋಲ್: ಸರದಿಯ ಸ್ಥಿತಿ ನೋಡಲು, ಮಿತಿ ಬದಲಿಸಲು, ಕೊನೆಗೆ ಸರದಿಯನ್ನೇ ತೆಗೆದುಹಾಕಲು.

ಚೀಟಿಯ ಆಕಾರ ಒಂದು ಸ್ಟ್ರಕ್ಚರ್. ಅದರ ಮೊದಲ ಸದಸ್ಯ ಲಾಂಗ್ ಮಾದರಿಯ ‘ಬಗೆ’, ಅದು ಸೊನ್ನೆಗಿಂತ ದೊಡ್ಡದಿರಬೇಕು. ನಂತರದ್ದು ಹೂರಣ, ಉದಾಹರಣೆಗೆ 80 ಅಕ್ಷರಗಳ ಅರೇ. ಕಳಿಸುವಾಗ ಹೂರಣದ ಅಳತೆಯನ್ನು ಮಾತ್ರ ಹೇಳಬೇಕು, ಬಗೆಯ ಅಳತೆಯನ್ನು ಸೇರಿಸಬಾರದು. ಇಲ್ಲಿ ಕೊಡಬೇಕಾದದ್ದು 80.

ಅನುಮತಿ ಸಂಖ್ಯೆಯಲ್ಲೂ ಒಂದು ಎಚ್ಚರಿಕೆ ಬೇಕು. 0666 ಎಂಬುದರ ಮುಂದಿನ ಸೊನ್ನೆ ಅಲಂಕಾರವಲ್ಲ. ಅದು ಈ ಸಂಖ್ಯೆ ಎಂಟರ ಆಧಾರದ್ದು ಎಂದು ಹೇಳುತ್ತದೆ. ಸೊನ್ನೆ ಬಿಟ್ಟು 666 ಎಂದು ಬರೆದರೆ ಅದು ಹತ್ತರ ಆಧಾರದ ಸಂಖ್ಯೆಯಾಗಿ, ಎಂಟರ ಆಧಾರದಲ್ಲಿ 1232 ಆಗುತ್ತದೆ. ಆಗ ಸರದಿಯ ಒಡೆಯನಿಗೆ ಬರೆಯುವ ಅನುಮತಿ ಸಿಗುತ್ತದೆ, ಓದುವ ಅನುಮತಿ ಸಿಗುವುದಿಲ್ಲ. ಗಣಿತ ಬೋಧಿಸುವ ಸಹಪಾಠಿಗಳಿಗೆ ಆಧಾರ ಪರಿವರ್ತನೆಗೆ ಇದೊಂದು ಜೀವಂತ ಲೆಕ್ಕ.

4. ಹೋಲಿಕೆ ಮುರಿಯುವ ನಾಲ್ಕು ಜಾಗಗಳು

ಅ) ಸರದಿ ಎಂದರೂ ಸಾಲಿನಂತೆಯೇ ಅಲ್ಲ

ಕಾಫಿಗೆ ಬಗೆ 1, ದೋಸೆಗೆ 2, ಇಡ್ಲಿಗೆ 3 ಎಂದಿರಲಿ. ಟ್ರೇಗೆ ಬಂದ ಕ್ರಮ: ದೋಸೆ, ಕಾಫಿ, ಇಡ್ಲಿ, ಕಾಫಿ. ಪಡೆಯುವವನು ರಿಸೀವ್ ಕರೆಯಲ್ಲಿ ಬಗೆಯ ಜಾಗದಲ್ಲಿ 0 ಕೊಟ್ಟರೆ ಮೊದಲು ಬಂದ ದೋಸೆಯ ಚೀಟಿ ಸಿಗುತ್ತದೆ. 1 ಕೊಟ್ಟರೆ ಕಾಫಿ ಚೀಟಿಗಳಲ್ಲಿ ಮೊದಲನೆಯದು, ದೋಸೆಯನ್ನು ಹಾರಿಸಿ. -2 ಕೊಟ್ಟರೆ 2 ಅಥವಾ ಅದಕ್ಕಿಂತ ಕಡಿಮೆ ಬಗೆಯವುಗಳಲ್ಲಿ ಅತಿ ಚಿಕ್ಕ ಬಗೆಯದು, ಅಂದರೆ ಇಲ್ಲಿಯೂ ಕಾಫಿಯೇ.

ಹೋಟೆಲಿನಲ್ಲಿ ‘ನನ್ನ ಬಗೆಯದು ಕೊಡಿ’ ಎಂಬುದು ಸುಲಭವಾಗಿ ಹೊಂದುತ್ತದೆ. ಋಣ ಸಂಖ್ಯೆಯ ಆದ್ಯತಾ ನಿಯಮ ಹೊಂದುವುದಿಲ್ಲ. ಇಲ್ಲಿ ಹೋಲಿಕೆಯನ್ನು ಪಕ್ಕಕ್ಕಿಟ್ಟು, ಹಲಗೆಯ ಮೇಲೆ ಸಂಖ್ಯೆಗಳನ್ನೇ ಬರೆದು ಬಿಡಿಸಬೇಕು. ‘ಮೊದಲು ಬಂದದ್ದು ಮೊದಲು’ ಎಂಬ ಪಿಯುಸಿಯ ವ್ಯಾಖ್ಯೆ ಸುಳ್ಳಾಯಿತೆಂದಲ್ಲ. ಒಂದೇ ಬಗೆಯ ಸಂದೇಶಗಳ ಒಳಗೆ ಅದು ಈಗಲೂ ನಿಜ. ಹಳೆಯ ಜ್ಞಾನದ ವ್ಯಾಪ್ತಿಯನ್ನು ಹೀಗೆ ಗುರುತಿಸಿಕೊಟ್ಟರೆ ವಿದ್ಯಾರ್ಥಿಗೆ ಗೊಂದಲವಾಗುವುದಿಲ್ಲ.

ಆ) ತುಂಬಿದರೆ ಕಳಿಸುವವನೇ ನಿಲ್ಲುತ್ತಾನೆ

ಟ್ರೇ ತುಂಬಿದರೆ ಸಪ್ಲೈಯರ್ ಚೀಟಿಯನ್ನು ಪಕ್ಕದಲ್ಲಿಟ್ಟು ಹೋಗಬಹುದು. ಪ್ರೊಸೆಸ್‌ಗೆ ಆ ಸ್ವಾತಂತ್ರ್ಯವಿಲ್ಲ. ಲಿನಕ್ಸ್‌ನಲ್ಲಿ ಒಂದು ಸರದಿಯಲ್ಲಿ ಇರಬಹುದಾದ ಹೂರಣದ ಒಟ್ಟು ಮೊತ್ತ ಮೂಲ ಏರ್ಪಾಡಿನಂತೆ 16384 ಬೈಟ್, ಒಂದು ಸಂದೇಶದ ಗರಿಷ್ಠ ಮಿತಿ 8192 ಬೈಟ್. ಜಾಗವಿಲ್ಲದಿದ್ದರೆ ಸೆಂಡ್ ಕರೆ ಅಲ್ಲೇ ಕಾಯುತ್ತದೆ. ಸರದಿ ಖಾಲಿಯಿದ್ದರೆ ರಿಸೀವ್ ಕರೆಯೂ ಹಾಗೆಯೇ ಕಾಯುತ್ತದೆ. ಕಾಯುವುದು ಬೇಡವೆಂದರೆ ‘ನೋ ವೇಟ್’ ಸೂಚನೆ ಕೊಡಬೇಕು. ಆಗ ಕರೆ ಕೂಡಲೇ -1 ಹಿಂತಿರುಗಿಸುತ್ತದೆ.

ಇದಕ್ಕೆ ಒಳ್ಳೆಯ ಪ್ರಾತ್ಯಕ್ಷಿಕೆ ಇದೆ. ಪಡೆಯುವವನೇ ಇಲ್ಲದೆ, 80 ಬೈಟಿನ ಸಂದೇಶಗಳನ್ನು ಒಂದೇ ಸಮನೆ ಕಳಿಸುವ, ಪ್ರತಿ ಸಲ ಎಣಿಕೆ ಮುದ್ರಿಸುವ ಪ್ರೋಗ್ರಾಂ ಓಡಿಸಿ. ಎಣಿಕೆ 204ಕ್ಕೆ ನಿಲ್ಲುತ್ತದೆ. ಏಕೆ? 204 ಸಂದೇಶಗಳಿಗೆ 16320 ಬೈಟ್. ಇನ್ನೊಂದು ಸೇರಿದರೆ 16400 ಆಗಿ ಮಿತಿ ಮೀರುತ್ತದೆ. ವಿದ್ಯಾರ್ಥಿಗಳು ಮೊದಲು ಭಾಗಾಕಾರ ಮಾಡಿ ಊಹಿಸಲಿ, ನಂತರ ಓಡಿಸಿ ನೋಡಲಿ.

ಈ ಸಂಖ್ಯೆ ಶಿಕ್ಷಕರಿಗೆ ನೈದಾನಿಕ ಪರೀಕ್ಷೆಯಾಗಿಯೂ ಒದಗುತ್ತದೆ. ಯಾರದೋ ಪರದೆಯಲ್ಲಿ ಎಣಿಕೆ 186ಕ್ಕೆ ನಿಂತಿದ್ದರೆ ಅವರು ಅಳತೆಯಾಗಿ ಇಡೀ ಸ್ಟ್ರಕ್ಚರಿನ ಗಾತ್ರ ಕೊಟ್ಟಿದ್ದಾರೆ ಎಂದು ಕೋಡ್ ನೋಡದೆಯೇ ಹೇಳಬಹುದು. 64 ಬಿಟ್ ಲಿನಕ್ಸ್‌ನಲ್ಲಿ ಲಾಂಗ್ 8 ಬೈಟ್. 80ಕ್ಕೆ 8 ಸೇರಿ 88. 16384ನ್ನು 88ರಿಂದ ಭಾಗಿಸಿದರೆ 186 ಪೂರ್ಣ ಸಂದೇಶಗಳು. ಕಂಪೈಲರ್ ಇದಕ್ಕೆ ದೋಷ ತೋರಿಸುವುದಿಲ್ಲ, ಪ್ರೋಗ್ರಾಂ ಸರಿಯಾಗಿಯೇ ನಡೆಯುತ್ತಿರುವಂತೆ ಕಾಣುತ್ತದೆ. ಆದರೆ ಸ್ಟ್ರಕ್ಚರಿನ ಆಚೆಗಿನ 8 ಬೈಟ್ ಕೂಡ ಸಂದೇಶದೊಳಗೆ ಹೋಗುತ್ತಿರುತ್ತದೆ.

ಇ) ಹೋಟೆಲ್ ಮುಚ್ಚಿದರೂ ಚೀಟಿ ಉಳಿಯುತ್ತದೆ

204ಕ್ಕೆ ನಿಂತ ಪ್ರೋಗ್ರಾಮನ್ನು ಕಂಟ್ರೋಲ್-ಸಿ ಒತ್ತಿ ಮುಗಿಸಿ. ಟರ್ಮಿನಲ್ ಕೂಡ ಮುಚ್ಚಿ. ಈಗ ಕೇಳಿ: ಸಂದೇಶಗಳು ಏನಾದವು? ನನ್ನ ಅನುಕರಣ ಪಾಠದಲ್ಲಿ ಹೆಚ್ಚಿನವರ ಉತ್ತರ ‘ಹೋದವು’ ಎಂದಿತ್ತು. ಪ್ರೋಗ್ರಾಂ ಮುಗಿದರೆ ಅದರ ಚರಾಂಶಗಳೂ ಮುಗಿಯುತ್ತವೆ ಎಂಬುದು ಸಿ ಕಲಿತವರಿಗೆ ರೂಢಿಯಾಗಿರುವ ತರ್ಕ. ಆ ತರ್ಕ ತಪ್ಪಲ್ಲ, ಇಲ್ಲಿಗೆ ಅನ್ವಯಿಸುವುದಿಲ್ಲ ಅಷ್ಟೇ.

ಹೊಸ ಟರ್ಮಿನಲ್ ತೆರೆದು ಅದೇ ಪ್ರೋಗ್ರಾಮನ್ನು ಮತ್ತೆ ಓಡಿಸಿ. ಈ ಸಲ ಎಣಿಕೆ 1 ಕೂಡ ಬರುವುದಿಲ್ಲ, ಮೊದಲ ಕಳಿಸುವಿಕೆಯಲ್ಲೇ ನಿಲ್ಲುತ್ತದೆ. ಬಳಿಕ ಐಪಿಸಿಎಸ್ ಆದೇಶವನ್ನು ಕ್ಯೂ ಆಯ್ಕೆಯೊಂದಿಗೆ ಕೊಟ್ಟರೆ, ಹಿಂದಿನ 16320 ಬೈಟ್, 204 ಸಂದೇಶ ಎಂದು ಪರದೆಯ ಮೇಲೆ ಕಾಣುತ್ತದೆ. ಸರದಿ ಪ್ರೊಸೆಸ್‌ನ ಸ್ವತ್ತಲ್ಲ, ಕರ್ನಲ್‌ನ ಸ್ವತ್ತು. ಎಂಎಸ್‌ಜಿ ಕಂಟ್ರೋಲ್ ಮೂಲಕವೋ ಐಪಿಸಿಆರ್‌ಎಂ ಆದೇಶದಿಂದಲೋ ತೆಗೆದುಹಾಕುವವರೆಗೆ, ಇಲ್ಲವೇ ಯಂತ್ರವನ್ನು ಮತ್ತೆ ಬೂಟ್ ಮಾಡುವವರೆಗೆ ಅದು ಉಳಿಯುತ್ತದೆ.

ಲ್ಯಾಬಿನಲ್ಲಿ ಇದರ ಪರಿಣಾಮ ಸಣ್ಣದಲ್ಲ. ಬೆಳಗಿನ ಬ್ಯಾಚಿನವರು ಬಿಟ್ಟುಹೋದ ಸಂದೇಶ ಮಧ್ಯಾಹ್ನದ ಬ್ಯಾಚಿನ ವಿದ್ಯಾರ್ಥಿಯ ಪರದೆಯಲ್ಲಿ ಬಂದರೆ, ಸರಿಯಾಗಿ ಬರೆದ ವಿದ್ಯಾರ್ಥಿಯೇ ತನ್ನ ಕೋಡಿನಲ್ಲಿ ಇಲ್ಲದ ತಪ್ಪನ್ನು ಹುಡುಕುತ್ತಾ ಕೂರುತ್ತಾನೆ. ಅವನಿಗೆ ತನ್ನ ಮೇಲಿನ ನಂಬಿಕೆ ಕುಗ್ಗುವುದು ಅಂಥ ಸಂದರ್ಭದಲ್ಲೇ. ಸರದಿ ತೆಗೆದುಹಾಕುವ ಸಾಲನ್ನು ಪ್ರೋಗ್ರಾಮಿನ ಕೊನೆಯ ಔಪಚಾರಿಕತೆಯಾಗಿ ಅಲ್ಲ, ಪ್ರತ್ಯೇಕ ಕಲಿಕಾ ಉದ್ದೇಶವಾಗಿ ಪಾಠಯೋಜನೆಯಲ್ಲಿ ಬರೆಯಬೇಕು ಎಂದು ನಾನು ಹೇಳುವುದು ಇದಕ್ಕೇ.

ಈ) ವಿಳಾಸ ಕಳಿಸಿದರೆ ಮನೆ ಬರುವುದಿಲ್ಲ

ಸಿ ಚೆನ್ನಾಗಿ ಕಲಿತ ವಿದ್ಯಾರ್ಥಿಗೆ ಬರುವ ಯೋಚನೆ ಇದು: ದೊಡ್ಡ ಅರೇಯನ್ನು ನಕಲು ಮಾಡುವುದೇಕೆ, ಚೀಟಿಯಲ್ಲಿ ಪಾಯಿಂಟರ್ ಕಳಿಸಿದರಾಯಿತಲ್ಲ? ಫಂಕ್ಷನ್‌ಗಳ ನಡುವೆ ಇದು ಜಾಣತನ. ಪ್ರೊಸೆಸ್‌ಗಳ ನಡುವೆ ಅರ್ಥಹೀನ. ಮೊದಲ ಹಂತದ ಫೋರ್ಕ್ ಪ್ರಯೋಗ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ: ‘ಮನೆ ನಂಬರ್ 12’ ಎಂದು ಬರೆದು ಬೇರೆ ಊರಿಗೆ ಕಳಿಸಿದರೆ, ಅವರು ತಮ್ಮ ಊರಿನ 12ನೇ ಮನೆಯ ಬಾಗಿಲು ತಟ್ಟುತ್ತಾರೆ.

ಸೆಂಡ್ ಕರೆದಾಗ ಕರ್ನಲ್ ಹೂರಣವನ್ನು ತನ್ನೊಳಗೆ ನಕಲು ಮಾಡಿಕೊಳ್ಳುತ್ತದೆ. ರಿಸೀವ್ ಕರೆದಾಗ ಅಲ್ಲಿಂದ ಪಡೆಯುವವನ ಜಾಗಕ್ಕೆ ನಕಲು ಮಾಡುತ್ತದೆ. ಹಾಗಾಗಿ ಕಳಿಸಿದ ಮೇಲೆ ಕಳಿಸಿದವನು ತನ್ನ ಅರೇಯನ್ನು ಬದಲಿಸಿದರೂ ಸಂದೇಶ ಬದಲಾಗುವುದಿಲ್ಲ.

5. ಒಂದೇ ಲ್ಯಾಪ್‌ಟಾಪ್ ಇದ್ದರೆ

ಎಲ್ಲ ಕಡೆ ಸುಸಜ್ಜಿತ ಲ್ಯಾಬ್ ಸಿಗುವುದಿಲ್ಲ. ಈ ಪಾಠಕ್ಕೆ ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್, ಎರಡು ಟರ್ಮಿನಲ್ ಕಿಟಕಿಗಳು ಸಾಕು. ಅದಕ್ಕೂ ಮೊದಲು ಯಂತ್ರವಿಲ್ಲದೆ ಒಂದು ಚಟುವಟಿಕೆ ಮಾಡಿಸಬಹುದು. ಒಬ್ಬರು ಕಳಿಸುವವರು, ಒಬ್ಬರು ಪಡೆಯುವವರು, ನಡುವೆ ಡಬ್ಬಿ ಹಿಡಿದ ಕರ್ನಲ್. ನಿಯಮಗಳು ಮೂರು: ಕಳಿಸುವವರೂ ಪಡೆಯುವವರೂ ಒಬ್ಬರನ್ನೊಬ್ಬರು ನೋಡುವಂತಿಲ್ಲ, ಬೆನ್ನು ಮಾಡಿ ನಿಲ್ಲಬೇಕು. ಡಬ್ಬಿಯಲ್ಲಿ ಐದೇ ಚೀಟಿ ಹಿಡಿಯುತ್ತದೆ. ಆರನೆಯದು ತಂದವರು ಕೈ ಮೇಲೆತ್ತಿ, ಜಾಗ ಆಗುವವರೆಗೆ ಹಾಗೇ ನಿಲ್ಲಬೇಕು.

ಐದನೇ ಚೀಟಿಯ ನಂತರ ಕಳಿಸುವವರನ್ನು ಅವರ ಜಾಗಕ್ಕೆ ಹೋಗಿ ಕೂರಲು ಹೇಳಿ. ‘ಡಬ್ಬಿಯಲ್ಲಿ ಈಗ ಎಷ್ಟಿದೆ?’ ಎಂದು ಕರ್ನಲ್ ಪಾತ್ರಧಾರಿಯನ್ನು ಕೇಳಿ. ಉತ್ತರ ಕಣ್ಣೆದುರೇ ಇರುತ್ತದೆ. ಪರದೆಯ ಮೇಲಿನ 204 ಆಮೇಲೆ ಬಂದರೆ ಅದು ಅವರಿಗೆ ಪರಿಚಿತ ಘಟನೆಯ ದೊಡ್ಡ ರೂಪವಾಗಿ ಕಾಣುತ್ತದೆ.

ಚಟುವಟಿಕೆ ಮತ್ತು ಫೋರ್ಕ್ ಪ್ರಯೋಗ ಒಂದು ಅವಧಿಗೆ, ನಾಲ್ಕು ಕರೆಗಳು ಮತ್ತು 204ರ ಪ್ರಾತ್ಯಕ್ಷಿಕೆ ಇನ್ನೊಂದು ಅವಧಿಗೆ ಎಂದು ಹಂಚಿಕೊಳ್ಳುವುದು ಸೂಕ್ತ. ಒಂದೇ ಅವಧಿಯಲ್ಲಿ ತುರುಕಿದರೆ ಊಹೆ ಕೇಳುವುದಕ್ಕೆ ಸಮಯ ಉಳಿಯುವುದಿಲ್ಲ. ಊಹೆ ಇಲ್ಲದ ಪ್ರಾತ್ಯಕ್ಷಿಕೆ ಬರೀ ನೋಟವಾಗುತ್ತದೆ.

6. ಮೌಲ್ಯಮಾಪನ

‘ಸಂದೇಶ ಸರದಿ ಎಂದರೇನು?’ ಎಂಬ ಪ್ರಶ್ನೆ ಸ್ಮರಣೆಯನ್ನು ಮಾತ್ರ ಅಳೆಯುತ್ತದೆ. ಬದಲಿಗೆ ಇಂಥವನ್ನು ಕೇಳಬಹುದು.

ಪ್ರಶ್ನೆ 1: ಕ, ಖ, ಗ, ಘ ಎಂಬ ಸಂದೇಶಗಳು ಇದೇ ಕ್ರಮದಲ್ಲಿ ಬಂದಿವೆ. ಅವುಗಳ ಬಗೆಗಳು 3, 1, 2, 1. ಪಡೆಯುವವನು ಕ್ರಮವಾಗಿ 1, 0, -2 ಎಂದು ಕೇಳಿದರೆ ಏನೇನು ಸಿಗುತ್ತದೆ? (ಖ, ಕ, ಘ. ಉಳಿಯುವುದು ಗ.)

ಪ್ರಶ್ನೆ 2: ಮಿತಿ 16384 ಬೈಟ್. 1000 ಬೈಟಿನ ಎಷ್ಟು ಸಂದೇಶಗಳು ಹಿಡಿಯುತ್ತವೆ? ಮುಂದಿನದಕ್ಕೆ ಏನಾಗುತ್ತದೆ? (16. ಹದಿನೇಳನೆಯದನ್ನು ಕಳಿಸುವ ಕರೆ ಕಾಯುತ್ತದೆ.)

ಪ್ರಶ್ನೆ 3: ಸಹಪಾಠಿಯ ಪ್ರೋಗ್ರಾಂ ಮೊದಲ ಸಂದೇಶದಲ್ಲೇ ನಿಂತಿದೆ, ದೋಷಸೂಚನೆ ಇಲ್ಲ. ಕೋಡ್ ನೋಡುವ ಮೊದಲು ಏನನ್ನು ಪರೀಕ್ಷಿಸುವಿರಿ, ಏಕೆ?

ಮೂರನೆಯದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅದಕ್ಕೆ ಉತ್ತರಿಸಬೇಕಾದರೆ ಸರದಿ ಯಾರ ಸ್ವತ್ತು ಎಂಬುದು ಗೊತ್ತಿರಲೇಬೇಕು.

7. ಮುಂದಿನ ಹೆಜ್ಜೆ

ಆಸಕ್ತರಿಗೆ ಪೋಸಿಕ್ಸ್ ಸಂದೇಶ ಸರದಿಗಳನ್ನು ಪರಿಚಯಿಸಬಹುದು. ಅಲ್ಲಿ ಕೀಲಿ ಸಂಖ್ಯೆಯ ಬದಲು ಓರೆಗೆರೆಯಿಂದ ಶುರುವಾಗುವ ಹೆಸರು ಇರುತ್ತದೆ, ಬಗೆಯ ಬದಲು ಆದ್ಯತೆ. ಗಮನಿಸಬೇಕಾದದ್ದು: ಪೋಸಿಕ್ಸ್‌ನಲ್ಲಿ ದೊಡ್ಡ ಸಂಖ್ಯೆಯ ಆದ್ಯತೆಯದು ಮೊದಲು ಹೊರಬರುತ್ತದೆ. ಸಿಸ್ಟಂ ಫೈವ್‌ನಲ್ಲಿ ಋಣ ಸಂಖ್ಯೆ ಕೊಟ್ಟು ಕೇಳಿದಾಗ ಚಿಕ್ಕ ಬಗೆಯದು ಮೊದಲು. ಎರಡನ್ನೂ ಒಂದೇ ದಿನ ಕಲಿಸದಿರುವುದು ಕ್ಷೇಮ.

ಬೋಧನಾ ಅಭ್ಯಾಸದಲ್ಲಿ ನಾವೆಲ್ಲ ಹೋಲಿಕೆಗಳನ್ನು ಹುಡುಕಲು ಬಹಳ ಹೊತ್ತು ಕಳೆಯುತ್ತೇವೆ. ಪಾಠಯೋಜನೆಯ ನಮೂನೆಯಲ್ಲೂ ಪೀಠಿಕೆಗೆ ಜಾಗವಿದೆ, ಉದಾಹರಣೆಗೆ ಜಾಗವಿದೆ. ಅದರ ಪಕ್ಕದಲ್ಲಿ ಇನ್ನೊಂದು ಕಂಬ ಸಾಲನ್ನು ನಾವೇ ಎಳೆದುಕೊಂಡು, ‘ಈ ಹೋಲಿಕೆ ಎಲ್ಲಿ ಹೊಂದುವುದಿಲ್ಲ?’ ಎಂದು ಬರೆದುಕೊಳ್ಳಬಹುದು. ಸಂದೇಶ ಸರದಿಗೆ ಆ ಕಂಬ ಸಾಲಿನಲ್ಲಿ ನಾಲ್ಕು ಅಂಶ ಬಂದವು. ವಿದ್ಯುತ್ ಪ್ರವಾಹಕ್ಕೆ ನೀರಿನ ಹರಿವನ್ನು ಹೋಲಿಸುವವರೂ, ಜೀವಕೋಶಕ್ಕೆ ಕಾರ್ಖಾನೆಯನ್ನು ಹೋಲಿಸುವವರೂ ತಮ್ಮ ತಮ್ಮ ಪಟ್ಟಿಯನ್ನು ಒಮ್ಮೆ ಮಾಡಿ ನೋಡಲಿ.